ಹೊಸ ಮಡಚುವ ಚಾಕು: ಡಬ್ಬಿಯಲ್ಲೋ, ಕಿಸೆಯಲ್ಲೋ?

ಪ್ರಶ್ನೆ: ನಾನು ಗದಗ-ಬೆಟಗೇರಿಯ ನಿವೃತ್ತ ಶಾಲಾ ಮಾಸ್ತರ. ಅಮೆರಿಕದಲ್ಲಿರುವ ಅಕ್ಕನ ಮಗ ಈ ಸಲ ಊರಿಗೆ ಬಂದಾಗ ಕೇಸ್ ಕಂಪನಿಯ ಮಡಚುವ ಚಾಕು ತಂದುಕೊಟ್ಟ. ಹಳದಿ ಹಿಡಿಕೆ, ಎರಡು ಅಲಗು. ಅಲಗಿನ ಬುಡದಲ್ಲಿ ‘3254 ಸಿವಿ’ ಅಂತ ಇದೆ. ಎರಡು ದಿನ ಮಾವಿನಹಣ್ಣು ಹೆಚ್ಚಿದ್ದಕ್ಕೆ ಅಲಗು ನೀಲಿ-ಬೂದಿ ಬಣ್ಣಕ್ಕೆ ತಿರುಗಿದೆ. ಕೆಟ್ಟಿತೇ? ಬಳಸದೆ ಡಬ್ಬಿಯಲ್ಲಿಟ್ಟರೆ ಮುಂದೆ ಬೆಲೆ ಬರುತ್ತೆ ಅಂತ ಗೆಳೆಯರು ಹೇಳುತ್ತಾರೆ. ಬಳಸುವುದಾದರೆ ಎಣ್ಣೆ ಯಾವುದು, ಸಾಣೆ ಹೇಗೆ? ಕಿಸೆಯಲ್ಲಿಟ್ಟುಕೊಂಡು ಓಡಾಡಿದರೆ ಪೊಲೀಸರ ತಕರಾರು ಇದೆಯೇ? ಮನೆಯವರು ಇದನ್ನು ಮಹಾನವಮಿಯ ಖಂಡೇ (ಆಯುಧ) ಪೂಜೆಗೆ ಇಡೋಣ ಅನ್ನುತ್ತಾರೆ. ಇಡಬಹುದೇ?

ಉತ್ತರ: ಮಾಸ್ತರ್ರೇ, ನಿಮ್ಮ ಚಾಕು ಕೆಟ್ಟಿಲ್ಲ. ಈಗಷ್ಟೇ ಹದಕ್ಕೆ ಬರುತ್ತಿದೆ.

‘ಸಿವಿ’ ಅಂದರೆ ಕ್ರೋಮ್ ವೆನೇಡಿಯಂ ಉಕ್ಕು. ಹೆಸರಿನಲ್ಲಿ ಕ್ರೋಮ್ ಇದೆ ಅಂತ ಇದನ್ನು ಸ್ಟೇನ್‌ಲೆಸ್ ಅಂದುಕೊಳ್ಳಬೇಡಿ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕ್ರೋಮಿಯಂ ಕನಿಷ್ಠ ಶೇಕಡಾ 10.5ರಷ್ಟಾದರೂ ಇರಬೇಕು. ಇದರಲ್ಲಿ ಶೇಕಡಾ ಒಂದೂ ಇಲ್ಲ. ಹಾಗಾಗಿ ಮಾವಿನ ಹುಳಿ ತಾಗಿದ ಕೂಡಲೇ ಮೇಲ್ಮೈಯಲ್ಲಿ ತೆಳ್ಳನೆಯ ಪೊರೆ ಕಟ್ಟುತ್ತದೆ. ನೀವು ನೋಡಿದ ನೀಲಿ ಅದೇ. ನಿಂಬೆ, ಉಳ್ಳಾಗಡ್ಡಿ, ಪೇರಲ ಯಾವುದನ್ನು ಹೆಚ್ಚಿದರೂ ಬಣ್ಣ ಸ್ವಲ್ಪ ಸ್ವಲ್ಪ ಬೇರೆಯಾಗಿ ಬರುತ್ತದೆ. ಕೆಲವು ತಿಂಗಳಲ್ಲಿ ಎಲ್ಲ ಬೆರೆತು ಒಂದೇ ಸಮನೆ ಕಡು ಬೂದಿಯಾಗುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಹಳೆಯ ಕಬ್ಬಿಣದ ಈಳಿಗೆ ಇದ್ದರೆ ಒಮ್ಮೆ ನೋಡಿ. ಅದು ಕರ್ರಗಿದೆ, ಆದರೆ ತುಕ್ಕು ಹಿಡಿದಿಲ್ಲ. ಇಲ್ಲೂ ಹಾಗೇ.

ತುಕ್ಕು ಯಾವುದು, ಪೊರೆ ಯಾವುದು ಅಂತ ಗೊತ್ತು ಮಾಡಿಕೊಳ್ಳಲು ಬಿಳಿ ಬಟ್ಟೆಯಿಂದ ಅಲಗನ್ನು ಗಟ್ಟಿಯಾಗಿ ಒರೆಸಿ. ಬಟ್ಟೆಗೆ ಕೆಂಪು-ಕಂದು ಪುಡಿ ಅಂಟಿದರೆ ತುಕ್ಕು. ಕೂಡಲೇ ಎಣ್ಣೆ ಹಚ್ಚಿ ಉಜ್ಜಿ ತೆಗೆಯಬೇಕು. ಏನೂ ಅಂಟದಿದ್ದರೆ ಅದು ಪೊರೆ, ಹಾಗೇ ಬಿಡಿ. ಅದು ಇದ್ದಷ್ಟೂ ಕೆಂಪು ತುಕ್ಕು ಬರುವುದು ಕಡಿಮೆ. ಲೋಹ ತಿಕ್ಕುವ ಪೇಸ್ಟ್ ಹಾಕಿ ಮತ್ತೆ ಫಳಫಳ ಮಾಡಿದರೆ ನಾಳೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಷ್ಟೇ.

ನೀಲಿಯಲ್ಲಿ ಇನ್ನೊಂದು ಬಗೆ ಇದೆ, ಅದಕ್ಕೆ ಮಾತ್ರ ಹೆದರಬೇಕು. ಅದು ಬೆಂಕಿಯ ನೀಲಿ. ಸಾಣೆಯ ವಿಷಯ ಬಂದಾಗ ಹೇಳುತ್ತೇನೆ.

ಈಗ ಡಬ್ಬಿಯ ಮಾತು. ನಿಮ್ಮ ಚಾಕುವಿನ ಮೇಲಿರುವ ಸಂಖ್ಯೆಯೇ ಅದರ ಜಾತಕ. ಕೇಸ್‌ನವರ ಲೆಕ್ಕದಲ್ಲಿ ಮೊದಲ 3 ಅಂದರೆ ಹಳದಿ ಹಿಡಿಕೆ. ಆಮೇಲಿನ 2 ಅಂದರೆ ಎರಡು ಅಲಗು. 54 ಅನ್ನುವುದು ‘ಟ್ರ್ಯಾಪರ್’ ಅನ್ನುವ ಆಕಾರದ ಸಂಖ್ಯೆ. ಮಡಚಿದಾಗ ಉದ್ದ 4 ಇಂಚಿಗಿಂತ ತುಸು ಜಾಸ್ತಿ. ಕೇಸ್ ಕಂಪನಿ 1889ರಲ್ಲಿ ಶುರುವಾದದ್ದು. ಈಗಲೂ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಎಂಬ ಸಣ್ಣ ಊರಿನಲ್ಲಿದೆ. ಜಿಪ್ಪೋ ಲೈಟರ್ ಗೊತ್ತಲ್ಲ, ಅವರದೂ ಅದೇ ಊರು. 1993ರಿಂದ ಕೇಸ್ ಅವರ ಕೈಯಲ್ಲೇ ಇದೆ. ಅಲ್ಲಿ ಈ ಹಳದಿ ಹಿಡಿಕೆಯ ಸಿವಿ ಚಾಕು ರೈತರು, ದನ ಸಾಕುವವರು, ಬೇಟೆಯವರು ಕಿಸೆಯಲ್ಲಿಟ್ಟು ಸವೆಸುವ ಮಾಲು. ಹುಲ್ಲಿನಲ್ಲಿ ಬಿದ್ದರೂ ಕಣ್ಣಿಗೆ ಬೀಳಲಿ ಅಂತ ಹಳದಿ ಇಷ್ಟಪಡುವವರು ಬಹಳ. ಇಂದಿಗೂ ತಯಾರಾಗುತ್ತಿದೆ. ಸುಲಭವಾಗಿ ಸಿಗುವ ಮಾಲನ್ನು ಡಬ್ಬಿಯಲ್ಲಿಟ್ಟು ಬೆಲೆ ಏರಲಿ ಅಂತ ಕಾದರೆ ಏನು ಬಂತು? ಹಣ ಬೆಳೆಸುವುದಾದರೆ ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿ.

ಬಳಸದೆ ಇಡುವಂಥ ಚಾಕುಗಳು ಇಲ್ಲ ಅಂತಲ್ಲ. ಹತ್ತಾರು ವರ್ಷ ಹಳೆಯದು, ಯಾರೂ ಸಾಣೆ ಹಿಡಿಯದ್ದು, ಡಬ್ಬಿ-ಕಾಗದ ಸಮೇತ ಇರುವುದು, ಅಂಥದ್ದು ಕೈಗೆ ಸಿಕ್ಕರೆ ನಾನೂ ಅದರಿಂದ ಹಣ್ಣು ಹೆಚ್ಚುವುದಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಸುಮ್ನೆ ಇಟ್ಟ ಚಾಕುವೂ ಕೆಡುತ್ತದೆ. ಹಿಡಿಕೆಯ ಒಳಗಿನ ಹಿತ್ತಾಳೆ ತಗಡು ತೇವಕ್ಕೆ ಹಸಿರು ಕಿಲುಬು ಬಿಡುತ್ತದೆ. ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ. ಚರ್ಮದ ಚೀಲದಲ್ಲಿ ಇಟ್ಟರಂತೂ ಚರ್ಮ ಹದ ಮಾಡಿದ ರಸಾಯನ ಮತ್ತು ತೇವ ಎರಡೂ ಸೇರಿ ಅಲಗಿಗೆ ಚುಕ್ಕಿ ಚುಕ್ಕಿ ತುಕ್ಕು ಕಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಬ್ಬಳ್ಳಿ-ಧಾರವಾಡದ ಹವೆಯಲ್ಲಿ ಇದು ಬೇಗ ಆಗುತ್ತೆ. ಗದಗು ಅಷ್ಟು ಥಂಡಿ ಅಲ್ಲ, ನಿಮಗೆ ಸ್ವಲ್ಪ ನಿರಾಳ. ಚೀಲ ಕಿಸೆಗೆ ಮಾತ್ರ, ಕಪಾಟಿಗೆ ಅಲ್ಲ. ಕಪಾಟಿನಲ್ಲಿ ಹತ್ತಿ ಬಟ್ಟೆ ಸುತ್ತಿ, ಹೊಸ ಚಪ್ಪಲಿ-ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗೆ ಹಾಕಿಟ್ಟರೆ ಸಾಕು. ಡಬ್ಬಿಯನ್ನು ಎಸೆಯಬೇಡಿ. ಅದರ ಮೇಲೆ ಯಾರು ಕೊಟ್ಟರು, ಯಾವಾಗ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದೆ ಮೊಮ್ಮಕ್ಕಳಿಗೆ ಬೇಕಾಗುವುದು ಆ ಸಾಲೇ.

ಇನ್ನು ಚಾಕುವನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡೋಣ. ಹೊಸ ಚಾಕುವಿನ ಅರ್ಧ ಸುಖ ಇದರಲ್ಲೇ ಇದೆ. ಅವಸರ ಮಾಡಬೇಡಿ.

ಮೊದಲು ಮಡಚಿದ ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆನ್ನಿನ ಕಡೆ ಉಕ್ಕಿನ ಪಟ್ಟಿ ಕಾಣುತ್ತದೆ, ಅದೇ ಸ್ಪ್ರಿಂಗ್. ಪಟ್ಟಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ತೂರಿ ಬಂದರೆ ಜೋಡಣೆ ಸಡಿಲ ಅಂತ ಅರ್ಥ. ಕೂದಲೆಳೆಯಷ್ಟು ಬಂದರೆ ಚಿಂತೆ ಬೇಡ, ಕೈಯಿಂದ ಜೋಡಿಸುವ ಮಾಲಿನಲ್ಲಿ ಅದು ಇದ್ದೇ ಇರುತ್ತೆ. ಆಮೇಲೆ ಅಲಗು ತೆರೆದು ಅದರ ತುದಿಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಿ. ಅಲ್ಲಾಡಬಾರದು.

ಈಗ ಕಿವಿ ಕೊಡಿ. ಉಗುರು ಸಿಕ್ಕಿಸಲು ಅಲಗಿನಲ್ಲಿ ಸಣ್ಣ ಗೀರು ಇದೆಯಲ್ಲ, ಅಲ್ಲಿ ಹೆಬ್ಬೆರಳ ಉಗುರಿಟ್ಟು ಎಳೆಯಿರಿ. ಅರ್ಧದವರೆಗೆ ಸ್ಪ್ರಿಂಗ್ ಎದುರು ಒತ್ತುತ್ತದೆ. ಆಮೇಲೆ ತಾನೇ ಕೈಹಿಡಿದು ಎಳೆದುಕೊಂಡು ಹೋಗಿ ‘ಟಕ್’ ಅಂತ ನಿಲ್ಲುತ್ತದೆ. ಮಡಚುವಾಗಲೂ ಇನ್ನೊಂದು ಟಕ್. ಈ ಸದ್ದು ಮಂಕಾಗಿದ್ದರೆ ಒಳಗೆ ಹೊಲಸು ಸೇರಿದೆ, ಇಲ್ಲವೇ ಸ್ಪ್ರಿಂಗ್ ಸಡಿಲ. ಸಂಗ್ರಹ ಮಾಡುವವರು ಚಾಕು ಕೈಗೆ ಬಂದ ಕೂಡಲೇ ಕಿವಿಯ ಹತ್ತಿರ ಹಿಡಿದು ಟಕ್ ಟಕ್ ಅನ್ನಿಸುವುದು ಇದಕ್ಕೇ. ಮನೆಯವರಿಗೆ ತಲೆನೋವು ಬರುವಷ್ಟು ಮಾಡಬೇಡಿ.

ಆದರೆ ಮಡಚುವಾಗ ಅಲಗನ್ನು ಪೂರ್ತಿ ಸ್ಪ್ರಿಂಗಿನ ಕೈಗೆ ಬಿಡಬೇಡಿ. ಕೆಲವು ಚಾಕುಗಳಲ್ಲಿ ಅಲಗು ರಪ್ ಅಂತ ಒಳಗೆ ಹೋದಾಗ ಹರಿತದ ಅಂಚು ಸ್ಪ್ರಿಂಗಿಗೆ ಬಡಿಯುತ್ತದೆ. ಬಡಿದ ಜಾಗದಲ್ಲಿ ಅಂಚು ಮೊಂಡಾಗಿ ಅಲ್ಲೊಂದು ಹೊಳೆಯುವ ಚುಕ್ಕಿ ಕಾಣುತ್ತದೆ. ಬೆಳಕಿಗೆ ಅಂಚನ್ನು ನೇರ ಹಿಡಿದು ನೋಡಿ. ಹರಿತ ಇರುವ ಕಡೆ ಅಂಚು ಕಾಣುವುದೇ ಇಲ್ಲ, ಬೆಳಕು ಮಿಂಚಿದ ಕಡೆ ಮೊಂಡು. ಕೊನೆಯ ಅರ್ಧ ಇಂಚನ್ನು ಎರಡು ಬೆರಳಲ್ಲಿ ತಡೆದು ಮೆಲ್ಲಗೆ ಇಳಿಸುವ ರೂಢಿ ಮಾಡಿಕೊಂಡರೆ ಈ ತೊಂದರೆ ಇಲ್ಲ.

ಎರಡು ಅಲಗು ಯಾಕೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತುದಿ ಚೂಪಾಗಿರುವ ಅಲಗು ದಿನದ ಕೆಲಸಕ್ಕೆ. ತುದಿ ದುಂಡಗೆ, ಮೊಂಡಾಗಿರುವ ಇನ್ನೊಂದಕ್ಕೆ ‘ಸ್ಪೇ’ ಅನ್ನುತ್ತಾರೆ. ದನಕರುಗಳ ಬೀಜ ತೆಗೆಯಲು ಮಾಡಿದ ಆಕಾರ ಅದು. ಪ್ರಾಣಿ ಮಿಸುಕಾಡಿದರೂ ತುದಿ ಬೇರೆಲ್ಲೂ ಚುಚ್ಚಬಾರದು ಅಂತ ದುಂಡು. ನಿಮಗೆ ಆ ಕೆಲಸ ಬರಲಿಕ್ಕಿಲ್ಲ. ಆದರೆ ಮೋಸಂಬಿ ಸಿಪ್ಪೆಗೆ ಒಳಗಿನ ತೊಳೆ ಹರಿಯದಂತೆ ಗೀರು ಹಾಕಲು ಇದರಷ್ಟು ಚಲೋ ಅಲಗು ಇನ್ನೊಂದಿಲ್ಲ. ಕಡಕ್ ರೊಟ್ಟಿಗೆ ಬೆಣ್ಣೆ ಸವರಲೂ ಅದೇ. ಒಂದನ್ನು ತಿನ್ನುವ ಪದಾರ್ಥಕ್ಕೆ, ಇನ್ನೊಂದನ್ನು ಹಗ್ಗ-ಕಾಗದಕ್ಕೆ ಅಂತ ಬೇರೆ ಇಟ್ಟುಕೊಳ್ಳುವುದೂ ಒಳ್ಳೆಯ ಪದ್ಧತಿ.

ಬಳಸುವಾಗ ನೆನಪಿಡಬೇಕಾದದ್ದು ಒಂದೇ ದೊಡ್ಡ ಸಂಗತಿ. ಈ ಚಾಕುವಿಗೆ ಲಾಕ್ ಇಲ್ಲ. ಅಲಗನ್ನು ತೆರೆದಿಡುವುದು ಬರೀ ಸ್ಪ್ರಿಂಗಿನ ಒತ್ತಡ. ಅಂಚಿನಿಂದ ಕೊಯ್ಯುವಾಗ ಅಲಗು ತೆರೆದ ಕಡೆಗೇ ಒತ್ತುತ್ತದೆ, ಭಯವಿಲ್ಲ. ತುದಿಯಿಂದ ಚುಚ್ಚಲು ಹೋದರೆ ಅಥವಾ ಬೆನ್ನಿನಿಂದ ಬಡಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ತಗಡಿನ ಡಬ್ಬಿಗೆ ತೂತು ಮಾಡುವುದು, ತೆಂಗಿನಕಾಯಿ ಕಣ್ಣು ತೆಗೆಯುವುದು ಇದರ ಕೆಲಸವಲ್ಲ. ಹಾಗೇ ಅಡಿಕೆಗೂ ಇದನ್ನು ಹಚ್ಚಬೇಡಿ. ಒಣ ಅಡಿಕೆಯ ಮೇಲೆ ಒತ್ತಿ ಹೊರಳಿಸಿದರೆ ತೆಳ್ಳಗಿನ ಅಂಚು ಹಲ್ಲು ಮುರಿದುಕೊಳ್ಳುತ್ತದೆ. ಸವಣೂರಿನ ಎಲೆಯ ತೊಟ್ಟು ಕತ್ತರಿಸಲು ಚಾಕು, ಅಡಿಕೆಗೆ ಅಡಕೊತ್ತು.

ಹಾಗಾದರೆ ಏನು ಹೆಚ್ಚಬೇಕು? ನವಲೂರಿನ ಪೇರಲ ಹೆಚ್ಚಿ. ತೆಳ್ಳಗಿನ ಅಲಗಿನ ರುಚಿ ಗೊತ್ತಾಗುವುದು ಅಲ್ಲೇ. ಅಡುಗೆಮನೆಯ ದಪ್ಪ ಚಾಕು ಪೇರಲವನ್ನು ಸೀಳುತ್ತದೆ, ಇದು ಕೊಯ್ಯುತ್ತದೆ. ಹೋಳು ಬೀಳುವ ಮೊದಲೇ ಬೀಜದ ಗಡಿ ಕೈಗೆ ತಿಳಿಯುತ್ತದೆ. ಆಪೂಸಿನ ಕಾಲದಲ್ಲಿ ತೊಟ್ಟಿನ ಸೊನೆ ಅಲಗಿನ ಬುಡಕ್ಕೆ ಇಳಿಯದಂತೆ ನೋಡಿಕೊಳ್ಳಿ, ಅಲಗು ತಿರುಗುವ ಕೀಲಿಗೆ, ಅಂದರೆ ಗುಬ್ಬಿಗೆ, ಅಂಟಿದರೆ ಚಾಕು ತೆರೆಯುವುದೇ ಕಷ್ಟ. ಪಾರ್ಸೆಲ್, ಕಾಗದ, ಹೂವಿನ ದಾರ, ಪೆನ್ಸಿಲ್ ಎಲ್ಲಕ್ಕೂ ನಡೆಯುತ್ತೆ. ಬ್ಯಾಡಗಿ ಮೆಣಸಿನಕಾಯಿ ಚೀಲದ ಸೆಣಬಿನ ಹುರಿಯನ್ನೂ ಕತ್ತರಿಸುತ್ತದೆ, ಆದರೆ ಸೆಣಬಿನ ನಾರು ಅಂಚನ್ನು ಬೇಗ ಸವೆಸುತ್ತದೆ. ಕಬ್ಬಿನ ಸಿಪ್ಪೆಯೂ ಅಷ್ಟೇ.

ಕೆಲಸ ಮುಗಿದ ಮೇಲೆ ನೀರಿನಲ್ಲಿ ನೆನೆಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ. ಒಳಗೆ ಹೊಲಸು ಸೇರಿದ್ದರೆ ಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್. ಚೆನ್ನಾಗಿ ಊದಿ ಒಣಗಿಸಿ, ಅಲಗು ತಿರುಗುವ ಗುಬ್ಬಿಗೆ ಒಂದು ಹನಿ ಎಣ್ಣೆ. ಯಾವ ಎಣ್ಣೆ ಅಂತ ಕೇಳಿದ್ದೀರಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ. ಅಡುಗೆಯ ಎಣ್ಣೆಗಳು ಗಾಳಿಗೆ ಕಮಟಾಗಿ ಅಂಟು ಕಟ್ಟುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಗುಬ್ಬಿಗೆ ಒಳ್ಳೆಯದು. ಹಣ್ಣು ಹೆಚ್ಚುವ ಅಲಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತೆಳ್ಳಗೆ ಸವರಿ. ಅದಕ್ಕೆ ವಾಸನೆ ಇಲ್ಲ, ಕೆಡುವುದೂ ಇಲ್ಲ. ಸವರುವುದು ಅಂದರೆ ಬೆರಳಿಗೆ ಹತ್ತಿದಷ್ಟು. ಅಲಗು ತೊಟ್ಟಿಕ್ಕಬಾರದು.

ಸಾಣೆ. ಇಲ್ಲಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ಒಳ್ಳೆಯ ಚಾಕುಗಳು ಹಾಳಾಗುವುದು ತುಕ್ಕಿನಿಂದಲ್ಲ, ಸಾಣೆಯಿಂದ. ಓಣಿಯಲ್ಲಿ ಸೈಕಲ್ ತುಳಿದು ಸಾಣೆ ಹಿಡಿಯುವವರಿಗೆ ಈಳಿಗೆ ಕೊಡಿ, ಕತ್ತರಿ ಕೊಡಿ, ಇದನ್ನು ಮಾತ್ರ ಕೊಡಬೇಡಿ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ತಿರುಗುವ ಒಣ ಕಲ್ಲಿಗೆ ತೆಳ್ಳಗಿನ ಅಂಚು ತಾಗಿದ ಕ್ಷಣದಲ್ಲೇ ಕಾಯುತ್ತದೆ. ಈ ಬಗೆಯ ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೆ ಕಾಯಿಸಿ ಹದ ಮಾಡಿರುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಉಕ್ಕು ಮೆತ್ತಗಾಗುತ್ತದೆ. 300 ಡಿಗ್ರಿ ಹತ್ತಿರ ಹೋದಾಗ ಅಂಚಿನುದ್ದಕ್ಕೂ ನೀಲಿ ಪಟ್ಟೆ ಮೂಡುತ್ತದೆ. ಆಗಲೇ ಹೇಳಿದ ಬೆಂಕಿಯ ನೀಲಿ ಇದೇ. ಕಂಬಾರರು ಕುಲುಮೆಯಲ್ಲಿ ಉಳಿಯ ಬಾಯಿಗೆ ಹದ ಕೊಡುವಾಗ ಇದೇ ಬಣ್ಣ ನೋಡಿ ಲೆಕ್ಕ ಹಾಕುತ್ತಾರೆ, ಒಣಹುಲ್ಲಿನ ಬಣ್ಣದಿಂದ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ. ಚಾಕುವಿನ ಅಂಚಿಗೆ ಆ ನೀಲಿ ಬಂತೆಂದರೆ ಅಷ್ಟು ಭಾಗ ತೇಯ್ದು ಹೋಗುವವರೆಗೆ ಹರಿತ ನಿಲ್ಲುವುದಿಲ್ಲ. ಮಾವಿನ ನೀಲಿ ಅಲಗಿನ ತುಂಬ ಮೋಡದ ಹಾಗೆ ಹರಡಿರುತ್ತದೆ, ಬೆಂಕಿಯ ನೀಲಿ ಅಂಚಿನ ಪಕ್ಕ ಗೆರೆಯಾಗಿ ನಿಲ್ಲುತ್ತದೆ.

ಮನೆಯಲ್ಲೇ ಮಾಡಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಒರಟು ಮುಖ ನಿಮಗೆ ಸದ್ಯಕ್ಕೆ ಬೇಡ, ನುಣುಪು ಮುಖ ಸಾಕು. ಕಲ್ಲನ್ನು ನೀರಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ. ನೀರು ಬಳಸಿದ ಕಲ್ಲಿಗೆ ಎಣ್ಣೆ ಹಾಕಬೇಡಿ, ರಂಧ್ರ ಕಟ್ಟಿಕೊಳ್ಳುತ್ತೆ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನನ್ನು ಎರಡು ಹತ್ತು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತಿ. ಅರ್ಧ ಇಂಚು ಅಗಲದ ಅಲಗಿಗೆ ಇದು ಸುಮಾರು 16 ಡಿಗ್ರಿ ಕೋನ ಆಗುತ್ತದೆ. ಮೊದಮೊದಲು ನಾಣ್ಯವನ್ನೇ ಇಟ್ಟು ಅಳತೆ ನೋಡಿಕೊಂಡು, ತೆಗೆದು, ಅದೇ ಎತ್ತರದಲ್ಲಿ ಉಜ್ಜಿ. ಬುಡದಿಂದ ತುದಿಯವರೆಗೆ ಒಂದೇ ಓಟ. ಒತ್ತಬೇಡಿ, ಅಲಗಿನ ಭಾರದ ಮೇಲೆ ಬೆರಳಿನ ಭಾರ ಅಷ್ಟೇ.

ಎಷ್ಟು ಸಲ ಉಜ್ಜಬೇಕು ಅನ್ನುವುದಕ್ಕೆ ಎಣಿಕೆ ಇಲ್ಲ. ಒಂದು ಪಕ್ಕ ಉಜ್ಜುತ್ತಾ ಹೋದಂತೆ ಎದುರು ಪಕ್ಕದ ಅಂಚಿನಲ್ಲಿ ಬಹಳ ಸಣ್ಣ ಸೆರಗು ಏಳುತ್ತದೆ. ಕಣ್ಣಿಗೆ ಕಾಣಲಿಕ್ಕಿಲ್ಲ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಗೆ ಮೆಲ್ಲಗೆ ಜಾರಿಸಿದರೆ ತೊಡಕಿದಂತೆ ಆಗುತ್ತದೆ. ಅಂಚಿನ ಉದ್ದಕ್ಕೂ ಬೆರಳು ಓಡಿಸಬೇಡಿ, ಕೊಯ್ಯುತ್ತೆ. ಬುಡದಿಂದ ತುದಿವರೆಗೆ ಎಲ್ಲ ಕಡೆ ಆ ತೊಡಕು ಸಿಕ್ಕ ಮೇಲೆ ಮಗ್ಗಲು ಬದಲಿಸಿ. ಎರಡೂ ಕಡೆ ಆದಮೇಲೆ ಇನ್ನೂ ಹಗುರ ಕೈಯಲ್ಲಿ ಒಂದೊಂದೇ ಸಲ ಅದಲು ಬದಲು ಉಜ್ಜಿ ಸೆರಗು ಇಳಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದೆ ಅಂಚು ಹಿಂದೆ ಮಾಡಿ ಎಳೆಯಿರಿ. ಸುದ್ದಿಪತ್ರಿಕೆಯ ಹಾಳೆಯನ್ನು ಎಡಗೈಯಲ್ಲಿ ತೂಗುಹಾಕಿ ಹಿಡಿದು ಕೊಯ್ದರೆ ಸದ್ದಿಲ್ಲದೆ ಸೀಳಬೇಕು. ಪರಪರ ಅಂದರೆ ಇನ್ನೂ ಸೆರಗು ಉಳಿದಿದೆ.

ಸಣ್ಣ ಮಟ್ಟಿಗೆ ಮೊಂಡಾದರೆ ಕಲ್ಲೂ ಬೇಡ. ಚಹಾ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದಲ್ಲ, ಅದರ ಮೇಲೆ ಅದೇ ಕೋನದಲ್ಲಿ ನಾಲ್ಕು ಎಳೆತ ಎಳೆದರೆ ಒಂದು ವಾರಕ್ಕೆ ಸಾಕು.

ಪೊಲೀಸರ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಚಾಕುವಿನ ಮಾತು ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಮನೆಗೆಲಸ, ಬೇಸಾಯಕ್ಕೆ ಮಾಡಿದವು ಅದರಲ್ಲೂ ಬರುವುದಿಲ್ಲ. ನಿಮ್ಮ ದೊಡ್ಡ ಅಲಗು 3 ಇಂಚು ಚಿಲ್ಲರೆ. ಹಾಗಂತ ಎಲ್ಲೆಂದರಲ್ಲಿ ಒಯ್ಯಬಹುದು ಅಂತಲ್ಲ. ಚುನಾವಣೆ, ದೊಡ್ಡ ಮೆರವಣಿಗೆ, ಗಲಾಟೆ ಸಮಯದಲ್ಲಿ ಆಯುಧ ಹಿಡಿದು ಓಡಾಡುವುದಕ್ಕೆ ನಿಷೇಧದ ಆದೇಶ ಹೊರಡುತ್ತದೆ. ಆಗ ಮೂರಿಂಚು, ಒಂಬತ್ತಿಂಚು ಅಂತ ವಾದ ಮಾಡುತ್ತಾ ಕೂರಬೇಡಿ, ಮನೆಯಲ್ಲೇ ಬಿಡಿ. ಕೋರ್ಟು, ಮತಗಟ್ಟೆಗೂ ಹಾಗೇ. ಹುಬ್ಬಳ್ಳಿಯಿಂದ ವಿಮಾನ ಹತ್ತುವುದಿದ್ದರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಸಿಕ್ಕರೆ ಅಲ್ಲೇ ಬಿಟ್ಟು ಬರಬೇಕಾಗುತ್ತೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಗೊಡವೆಗೆ ಹೋಗಲೇಬೇಡಿ.

ಇನ್ನೊಂದು ಕೊಳ್ಳುವ ಆಸೆ ನಿಮಗೆ ಬಂದೇ ಬರುತ್ತದೆ, ಆದ್ದರಿಂದ ಈಗಲೇ ಎಚ್ಚರಿಸುತ್ತೇನೆ. ಜಿಂಕೆ-ಕಡವೆ ಕೊಂಬಿನ ಹಿಡಿಕೆ ಅಂತ ಯಾರಾದರೂ ಹಳೆಯ ಚಾಕು ತೋರಿಸಿದರೆ ಕೈ ಮುಗಿದು ಬನ್ನಿ. ನೋಡಲು ಚಂದವೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮಲ್ಲಿ ಅದರ ವ್ಯಾಪಾರ ಸಲ್ಲದು. ಮೂಳೆ ಹಿಡಿಕೆ ಅಂದರೆ ಸಾಮಾನ್ಯವಾಗಿ ದನದ ಮೂಳೆ. ಪೂಜೆಗೆ ಇಡುವ ಮನೆಯಲ್ಲಿ ಇದು ಮೊದಲೇ ಗೊತ್ತಿರುವುದು ಒಳ್ಳೆಯದು, ಅಲ್ವಾ? ನಿಮ್ಮ ಹಳದಿ ಹಿಡಿಕೆ ಪ್ಲಾಸ್ಟಿಕ್ ಜಾತಿಯದು, ಆ ಚಿಂತೆ ಇಲ್ಲ. ನನ್ನ ಕೇಳಿದರೆ ಎರಡನೆಯದು ಫ್ರಾನ್ಸಿನ ಒಪಿನೆಲ್ 8ನೇ ನಂಬರಿನದು ಇರಲಿ. 1890ರಿಂದ ಮಾಡುತ್ತಿದ್ದಾರೆ. ಮರದ ಹಿಡಿಕೆ, ಎಂಟೂವರೆ ಸೆಂಟಿಮೀಟರ್ ಅಲಗು. ಅದಕ್ಕೆ ಸ್ಪ್ರಿಂಗ್ ಇಲ್ಲ. ಕುತ್ತಿಗೆಯಲ್ಲಿ ತಿರುಗಿಸುವ ಉಂಗುರವಿದೆ, 1955ರಲ್ಲಿ ಸೇರಿಸಿದ್ದು. ಅದನ್ನು ತಿರುಗಿಸಿದರೆ ಅಲಗು ಮಡಚಿಕೊಳ್ಳುವುದಿಲ್ಲ. ಕಾರ್ಬನ್ ಉಕ್ಕಿನದನ್ನೇ ಕೇಳಿ.

ಹಾಂ, ಅಕ್ಕನ ಮಗ ಕೈಯಿಂದ ಕೈಗೆ ಚಾಕು ಕೊಟ್ಟನೇ? ನಮ್ಮಲ್ಲಿ ಹಾಗೆ ಕೊಟ್ಟರೆ ಜಗಳ ಆಗುತ್ತೆ ಅಂತ ಕೆಳಗಿಟ್ಟು ಎತ್ತಿಕೊಳ್ಳಿ ಅನ್ನುತ್ತಾರೆ. ಅಮೆರಿಕದವರೂ ಕಡಿಮೆಯಿಲ್ಲ. ಉಡುಗೊರೆ ಚಾಕು ಪಡೆದವರು ಕೊಟ್ಟವರಿಗೆ ಒಂದು ಪೈಸೆಯಾದರೂ ತಿರುಗಿ ಕೊಡಬೇಕು, ಇಲ್ಲದಿದ್ದರೆ ನಂಟು ಕಡಿಯುತ್ತೆ ಅನ್ನುವ ನಂಬಿಕೆ ಅಲ್ಲಿದೆ. ಒಂದು ರೂಪಾಯಿ ಕೊಟ್ಟುಬಿಡಿ, ಇಬ್ಬರ ಸಮಾಧಾನಕ್ಕೂ ಆಯಿತು.

ಖಂಡೇ ಪೂಜೆಗೆ ಧಾರಾಳವಾಗಿ ಇಡಿ. ತೊಂದರೆ ಇರುವುದು ಪೂಜೆಯಲ್ಲಲ್ಲ, ಒದ್ದೆ ಕುಂಕುಮದಲ್ಲಿ. ಮಹಾನವಮಿಗೆ ಇಟ್ಟದ್ದನ್ನು ಬನ್ನಿ ದಿನದವರೆಗೆ ಎತ್ತುವ ಹಾಗಿಲ್ಲವಲ್ಲ. ಅಷ್ಟು ಹೊತ್ತು ವಿಭೂತಿ, ಕುಂಕುಮ, ಹೂವಿನ ನೀರು ಅಲಗಿನ ಮೇಲೆ ಕೂತರೆ ಬೊಟ್ಟಿನ ಆಕಾರದಲ್ಲೇ ತುಕ್ಕು ಅಚ್ಚಾಗುತ್ತದೆ. ಆದ್ದರಿಂದ ಹಿಂದಿನ ದಿನ ಅಲಗಿಗೂ ಗುಬ್ಬಿಗೂ ಪ್ಯಾರಾಫಿನ್ ಸವರಿ, ಚಾಕುವನ್ನು ಮಡಚಿಯೇ ಮಣೆಯ ಮೇಲಿಡಿ. ಬೊಟ್ಟನ್ನು ಹಿಡಿಕೆಗೆ ಹಚ್ಚಲು ಹೇಳಿ. ಅರಿಶಿನದ ಕಲೆ ಉಳಿದರೂ ಹಳದಿ ಹಿಡಿಕೆಯ ಮೇಲೆ ಯಾರಿಗೂ ಕಾಣುವುದಿಲ್ಲ.